ಜೆಲ್ಮೋರಿಯಾದ ನಾಲಿಗೆ ಮಂತ್ರಿ

…ಅಲ್ಲ ಅಕ್ಕ, ಪೂರ್ತಿ ಕೇಳು, ಆಮೇಲೆ ಬೈಯುವಿಯಂತೆ. ಅರ್ಧಕ್ಕೇ ಮುಖ ಗಂಟು ಹಾಕ್ಕೊಂಡ್ರೆ ನಾನು ಇನ್ಯಾರ ಹತ್ರ ಹೇಳ್ಕೊಳ್ಳಲಿ? ಆ ದೇಶ ಇಲ್ಲ. ಆಯ್ತಾ? ಒಪ್ಕೊಂಡೆ. ಭೂಪಟದಲ್ಲಿ ಇಲ್ಲ, ಶಾಲೆಯ ಗ್ಲೋಬಿನಲ್ಲಿ ಇಲ್ಲ, ಸಮುದ್ರದ ತಳದಲ್ಲಿ ಹುಡುಕಿದ್ರೂ ಸಿಗಲ್ಲ. ಜೆಲ್ಮೋರಿಯಾ ಅನ್ನೋ ದೇಶಾನ ಹುಟ್ಟಿಸಿದ್ದು ನಾನೇ! ಆದ್ರೆ ಸೂಪು ಇತ್ತಲ್ಲ? ಅಡುಗೆ ಕ್ಲಾಸಿನವರೆಲ್ಲ ಬಟ್ಟಲು ನೆಕ್ಕಿದ್ರಲ್ಲ? ದೇಶ ಸುಳ್ಳಿರಬಹುದು, ಸೂಪು ನಿಜ! ಅದನ್ನ ಆ ಬ್ಯಾಂಕ್ ಮೇಡಂ ನಿನಗೆ ಹೇಳಿದ್ರಾ? ಹೇಳಿರಲ್ಲ. ದೂರು ಕೊಡೋಕೆ ಬಂದವರು, ಎರಡನೇ ಸಲ ಬಡಿಸ್ಕೊಂಡೆ ಅಂತ ಯಾಕೆ ಹೇಳ್ತಾರೆ?

ನಗಬೇಡ! ಅಯ್ಯೋ ತಾಯಿ, ನಗಬೇಡ, ಬಾಯ್ತುಂಬ ಗುಂಡುಸೂಜಿ ಇಟ್ಕೊಂಡಿದ್ದೀಯ! ಒಂದು ಒಳಗೆ ಹೋದ್ರೆ ಊರೆಲ್ಲ ತಮ್ಮನೇ ಅಕ್ಕನ್ನ ಮುಗಿಸಿದ ಅಂತಾರೆ. ಆ ಕೋಟಿನ ತೋಳು ಬೇರೆ ಅರ್ಧಕ್ಕೇ ನೇತಾಡ್ತಿರುತ್ತೆ. ನೀನು ಸೂಜಿ ಚುಚ್ತಾ ಇರು, ನಾನು ಹೇಳ್ತಾ ಇರ್ತೀನಿ. ಚಿಕ್ಕಂದಿನಿಂದ್ಲೂ ನಮ್ಮದು ಹೀಗೇ ತಾನೆ? ನಿನ್ನ ಬಾಯಲ್ಲಿ ಸೂಜಿ, ನನ್ನ ಬಾಯಲ್ಲಿ ಸುಳ್ಳು.

ಮೇಡಂ ಏನಂದ್ರು ಅಂತ ಹೇಳ್ತೀನಿ, ತಪ್ಪಿದ್ರೆ ತಲೆ ಅಲ್ಲಾಡ್ಸು. "ನಿಮ್ಮ ತಮ್ಮನ ಅಡುಗೆ ಕ್ಲಾಸು ಇರಬೇಕೋ ಮುಚ್ಚಬೇಕೋ ನೀವೇ ಹೇಳಿ. ನಿಮ್ಮ ಮಾತಿನ ಮೇಲೆ ನಮಗೆ ನಂಬಿಕೆ. ನೀವು ಇರಲಿ ಅಂದ್ರೆ ನಾಳೆ ಬೆಳಿಗ್ಗೆ ಎಲ್ಲರೂ ಬರ್ತೀವಿ. ಬೇಡ ಅಂದ್ರೆ ಒಬ್ಬರೂ ಬರಲ್ಲ." ಇಷ್ಟೇ ತಾನೆ? ನೋಡು, ಗೋಡೆ ಆಚೆಯಿಂದ ಕೇಳಿಸ್ಕೊಂಡ್ರೂ ಒಂದಕ್ಷರ ತಪ್ಪಿಲ್ಲ. ಕಿವಿ ಇನ್ನೂ ಗಟ್ಟಿಮುಟ್ಟಾಗಿದೆ ನಂದು. ಅಲ್ಲ, ಇಷ್ಟು ವರ್ಷ ಅವರ ಬಟ್ಟೆ ಹೊಲಿದಿದ್ದಕ್ಕೆ ಇವತ್ತು ನಿನ್ನನ್ನ ಜಡ್ಜ್ ಮಾಡಿಬಿಟ್ರು! ಕೊರಳಲ್ಲಿ ಅಳತೆ ಟೇಪು ಹಾಕ್ಕೊಂಡಿರೋ ಜಡ್ಜು. ಸರಿ ಮಹಾಸ್ವಾಮಿ, ಆರೋಪಿ ಸ್ಟೂಲ್ ಮೇಲೆ ಕೂತಿದ್ದಾನೆ. ಅಳತೆ ತಗೊಳ್ಳಿ.

ಆದ್ರೆ ಮೊದಲೇ ಒಂದು ಮಾತು. ಈ ಕ್ಲಾಸು ಶುರುವಾಗಿದ್ದು ಯಾರಿಂದ? ನಾನು ಅಡುಗೆ ಮಾಡ್ತಿದ್ದ ಬಂದರಿನ ಕ್ಯಾಂಟೀನು ಮುಚ್ಚಿದ ಮೇಲೆ ದಿನಾ ಬಂದು ಇದೇ ಸ್ಟೂಲ್ ಮೇಲೆ ಕೂತು ನಿನ್ನ ಗಿರಾಕಿಗಳಿಗೆಲ್ಲ ರೈಲು ಬಿಡ್ತಿದ್ದೆ. "ನನ್ನ ತಲೆ ತಿನ್ನಬೇಡ, ನಿನಗೆ ಬರೋದನ್ನ ನಾಲ್ಕು ಜನಕ್ಕೆ ಕಲಿಸು" ಅಂತ ಹಿಂದಿನ ರೂಮಿನ ಬೀಗದ ಕೈ ನನ್ನ ಜೇಬಿಗೆ ತುರುಕಿದ್ದು ಯಾರು? ನೀನೇ! ಮುಂದಿನ ರೂಮಲ್ಲಿ ನಿನ್ನ ಹೊಲಿಗೆ, ಹಿಂದಿನ ರೂಮಲ್ಲಿ ನನ್ನ ಒಲೆ. ಇಲ್ಲಿ ಟಕಟಕ, ಅಲ್ಲಿ ಚುರುಚುರು. ದೊಡ್ಡವರು ನಾಲ್ಕು ಜನ, ಮಕ್ಕಳು ನಾಲ್ಕು ಜನ, ಅದಕ್ಕಿಂತ ಹೆಚ್ಚು ಬಂದ್ರೆ ಮೊಣಕೈ ಮೊಣಕೈ ತಾಗುತ್ತೆ. ವಾರಕ್ಕೊಂದು ದೇಶ. ಇಟಲಿ, ಗ್ರೀಸು, ಮೆಕ್ಸಿಕೋ, ಥಾಯ್ಲೆಂಡು… ಎಲ್ಲ ಹಡಗಿನವರು ಕಲಿಸಿದ್ದು. ಒಬ್ಬ ಗ್ರೀಕ್ ಮೆಕ್ಯಾನಿಕ್ಕು ಬದನೆಕಾಯಿ ಹೇಗೆ ಸುಡಬೇಕು ಅಂತ ನನ್ನ ಕೈ ಹಿಡ್ಕೊಂಡು ತೋರಿಸಿದ್ದ, ಗ್ರೀಸ್ ಮೆತ್ತಿದ ಕೈಯಲ್ಲೇ! ನಾನು ಲೋಕ ಸುತ್ತೋಕೆ ಹೋಗಲಿಲ್ಲ ಅಕ್ಕ, ಲೋಕವೇ ಹಸ್ಕೊಂಡು ನನ್ನ ಕೌಂಟರಿಗೆ ಬಂತು.

ಏನು? ಕ್ಲಾಸಲ್ಲಿ ಹಾಗೆ ಹೇಳಿಲ್ಲ, ಸರಿ. ಕ್ಲಾಸಲ್ಲಿ ನಾನೇ ಹಡಗು ಹತ್ತಿ ದೇಶ ದೇಶ ತಿರುಗಿದ್ದೀನಿ ಅಂದಿದ್ದೀನಿ. ಅದು ಬೇರೆ ಕೇಸು, ಇವತ್ತು ಅದನ್ನ ತೆಗೀಬೇಡ. ನಾನು ಹತ್ತಿದ್ದು ಹೊಳೆ ದಾಟೋ ದೋಣಿ, ಅದರಲ್ಲೂ ಪಕ್ಕದವರ ಬುಟ್ಟಿಗೆ ವಾಂತಿ ಮಾಡ್ದೆ ಅಂತ ನೀನು ಯಾರಿಗಾದ್ರೂ ಹೇಳಿದ್ರೆ ನೋಡು!

ಹಾಂ, ಜೆಲ್ಮೋರಿಯಾ. ಬರ್ತೀನಿ, ಅಲ್ಲಿಗೇ ಬರ್ತೀನಿ. ತಪ್ಪೆಲ್ಲ ನಿಜವಾದ ದೇಶಗಳದ್ದು. ಇಟಲಿ ವಾರ, ಟೊಮ್ಯಾಟೊ ಸಾಸು. ನಮ್ಮ ಹಲ್ಲಿನ ಡಾಕ್ಟ್ರು ನಿಜವಾಗ್ಲೂ ಇಟಲಿಗೆ ಹೋಗಿ ಬಂದವರು, ಅದೇ ಗ್ರಹಚಾರ. ಒಂದು ಚಮಚ ಬಾಯಿಗಿಟ್ಟು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು, "ಅಲ್ಲಿ ಇಷ್ಟೊಂದು ಉಪ್ಪು ಹಾಕಲ್ಲ" ಅಂದ್ರು. ಹೋಗಲಿ ಅಂದ್ಕೊಂಡೆ. ಮುಂದಿನ ವಾರ ಥಾಯ್ಲೆಂಡು. ನಮ್ಮ ರಿಟೈರ್ಡ್ ಪೋಸ್ಟ್‌ಮಾಸ್ಟ್ರು ಒಂದು ಗುಟುಕು ಹೀರಿ, "ಉಪ್ಪು ಹಾಕೋದೇ ಮರೆತ್ರೇನಪ್ಪ?" ಅಂದ್ರು. ಅವರಿಗೆ ಥಾಯ್ಲೆಂಡ್ ಗೊತ್ತಿಲ್ಲ, ಆದ್ರೆ ಅವರ ಸೊಸೆ ಅಲ್ಲಿದ್ದಳಂತೆ! ಅಂದ್ರೆ ಪ್ರಪಂಚದಲ್ಲಿ ಯಾವ ದೇಶದ ಹೆಸರು ಎತ್ತಿದ್ರೂ ಅಲ್ಲಿಗೊಬ್ಬ ಹೋಗಿ ಬಂದಿರ್ತಾನೆ, ಇಲ್ಲ ಅವನ ಸೊಸೆ ಹೋಗಿರ್ತಾಳೆ. ಮೇಷ್ಟ್ರ ಮರ್ಯಾದೆ ಉಳಿಯೋದು ಹೇಗೆ?

ಅವತ್ತು ಸಂಜೆ ಇಲ್ಲೇ ಕೂತು ಯೋಚನೆ ಮಾಡ್ದೆ. ಯಾರೂ ಹೋಗಿ ಬರದ ದೇಶ ಒಂದಿದ್ರೆ! ಯಾರ ಸೊಸೆಯೂ ಇರದ ದೇಶ! ಎದುರಿಗೆ ನಿನ್ನ ಹಳೇ ದಾರದ ಡಬ್ಬಿ, ಅದರ ಮೇಲೆ ಅರ್ಧ ಅಳಿಸಿಹೋದ ಹೆಸರು, ಜೆಲ್ಮೋರ್ ಅಂತ. ಬಾಲಕ್ಕೆ ಒಂದು 'ಇಯಾ' ಅಂಟಿಸ್ದೆ. ಮುಗೀತು. ದೇಶ ರೆಡಿ. ಯುದ್ಧ ಇಲ್ಲ, ರಕ್ತಪಾತ ಇಲ್ಲ.

ಈಗ ನಗು, ಈಗ ನಗು! ಇನ್ನೂ ಬಾಕಿ ಇದೆ. ಕ್ಲಾಸಲ್ಲಿ ನಿಂತು ಗಂಭೀರವಾಗಿ, "ಈ ವಾರ ಜೆಲ್ಮೋರಿಯಾದ ಕುಂಬಳಕಾಯಿ ಸೂಪು" ಅಂದೆ. ಯಾರಾದ್ರೂ "ಎಲ್ಲಿದೆ ಅದು?" ಅಂದಿದ್ರೆ ಅಲ್ಲೇ ಕೈ ಎತ್ತಿಬಿಡ್ತಿದ್ದೆ, ನಿನ್ನ ಮೇಲಾಣೆ. ಒಬ್ಬರೂ ಕೇಳ್ಲಿಲ್ಲ! ಪೋಸ್ಟ್‌ಮಾಸ್ಟ್ರು ಮೀಸೆ ನೀವಿಕೊಂಡು, "ಓ, ಜೆಲ್ಮೋರಿಯಾನಾ! ಅಲ್ಲಿಂದ ನಮ್ಮ ಆಫೀಸಿಗೆ ಪಾರ್ಸೆಲ್ ಬರ್ತಿತ್ತು ಕಣ್ರೀ, ಸ್ಟಾಂಪಿನ ಮೇಲೆ ಒಂದು ಕುದುರೆ ಇರ್ತಿತ್ತು" ಅಂದ್ರು. ಕುದುರೆಯಂತೆ! ನಾನು ಹುಟ್ಟಿಸಿ ಇನ್ನೂ ವಾರ ತುಂಬಿಲ್ಲ, ಇವರು ಅದಕ್ಕೆ ಕುದುರೆ ಕೊಟ್ಟಾಯ್ತು. ಹಲ್ಲಿನ ಡಾಕ್ಟ್ರು ಬಿಡ್ತಾರಾ? "ವಿಮಾನ ಬದಲಾಯಿಸೋಕೆ ಒಮ್ಮೆ ಇಳಿದಿದ್ದೆ. ಬರೀ ಏರ್‌ಪೋರ್ಟ್ ನೋಡಿದ್ದು. ಬಹಳ ಚೊಕ್ಕ." ಇನ್ನು ದೂರು ಕೊಡೋಕೆ ಬಂದ್ರಲ್ಲ, ನಿನ್ನ ಮೇಡಂ… ಅವರು ಏನಂದ್ರು ಗೊತ್ತಾ? "ಈಚೆಗೆ ಅಲ್ಲಿಯ ಹಣದ ಬೆಲೆ ಸ್ವಲ್ಪ ಬಿದ್ದಿದೆ." ಬ್ಯಾಂಕಿನವರು ಅಲ್ವಾ, ಗೊತ್ತಿಲ್ಲ ಅನ್ನೋಕಾಗುತ್ತಾ! ನಾನು ಕಿವಿ ಮೇಲೆ ಹೂ ಇಟ್ಟೆ ಅಂತಾರೆ. ನಾನಿಟ್ಟಿದ್ದು ಒಂದೇ ಹೂವು. ಮಾಲೆ ಕಟ್ಕೊಂಡವರು ಅವರೇ.

ಅಲ್ಲಿಂದಾಚೆ ನನ್ನ ಬದುಕು ಎಷ್ಟು ಹಗುರ ಆಯ್ತು ಅಂತೀಯ! ಹುಳಿ ಜಾಸ್ತಿ ಆಯ್ತು ಅಂದ್ರೆ, "ಉತ್ತರ ಜೆಲ್ಮೋರಿಯಾದವರು ಹೀಗೇ ತಿನ್ನೋದು" ಅಂತಿದ್ದೆ. ಸಪ್ಪೆ ಅಂದ್ರೆ, "ಇದು ದಕ್ಷಿಣದ್ದು." ತಳ ಹಿಡೀತು ಅಂದ್ರೆ, "ಗುಡ್ಡದ ಕಡೆಯವರಿಗೆ ಈ ಘಮಾನೇ ಪ್ರಾಣ." ಯಾರೂ ಮೂಗು ಮುರಿಯೋ ಹಾಗಿಲ್ಲ. ಹೇಗೆ ಮುರೀತಾರೆ? ದೇಶ ನಂದು!

ಮಂತ್ರಿಗಳ ವಿಷಯ ನಿನಗೆ ಗೊತ್ತಲ್ಲ? ಗೋಡೆ ಆಚೆ ಕೂಗಾಟ ಕೇಳಿಸಿರುತ್ತೆ. ಜೆಲ್ಮೋರಿಯಾದ ಪದ್ಧತಿ ಏನಂದ್ರೆ, ಅಡುಗೆ ಮಾಡಿದವನು ತನ್ನ ಅಡುಗೆಯ ರುಚಿ ತಾನೇ ನೋಡೋ ಹಾಗಿಲ್ಲ. ಅದು ದುರಹಂಕಾರ. ಮಕ್ಕಳಲ್ಲಿ ಒಬ್ಬರು ನಾಲಿಗೆ ಮಂತ್ರಿ, ಒಬ್ಬರು ಮೂಗು ಮಂತ್ರಿ. ಮೂಗು ಮಂತ್ರಿ ಒಲೆಯಿಂದ ಎರಡು ಹೆಜ್ಜೆ ದೂರ ನಿಂತು, ಈರುಳ್ಳಿ ಹದಕ್ಕೆ ಬಂದ ಕೂಡಲೇ "ಬಂತು!" ಅಂತ ಕೂಗಬೇಕು. ಸೀಯೋಕೆ ಶುರುವಾದ್ರೆ "ಹೋಯ್ತು!" ಅಂತ ಕೂಗಬೇಕು. ಆ ಪದವಿಗೆ ಎಂಥ ಜಗಳ ಅಂತೀಯ! ಅವಳಿ ಹುಡುಗರಿಬ್ಬರು ನನ್ನ ಏಪ್ರನ್ ಹಿಡ್ಕೊಂಡು ಎಳೆದಾಡಿ ಹರಿದೇಬಿಟ್ರು, ನೀನೇ ಹೊಲಿದುಕೊಟ್ಟೆ.

ನಾಲಿಗೆ ಮಂತ್ರಿ ಮಾತ್ರ ಯಾವತ್ತೂ ಒಬ್ಬಳೇ. ಮೇಡಂ ಮಗಳು. ನಮ್ಮ ಗುಬ್ಬಚ್ಚಿ. ಮುಂದಿನ ಹಲ್ಲೆರಡೂ ಇಲ್ಲ, ನಾಲಿಗೆ ಮಾತ್ರ… ಅಕ್ಕ, ಆ ನಾಲಿಗೆ ಚಿನ್ನ. ಎಷ್ಟು ಸಣ್ಣ ಹುಡುಗಿ! ಸ್ಟೂಲ್ ಹತ್ತಿ ನಿಂತು, ಚಮಚ ಬಾಯಿಗಿಟ್ಟು, ಕಣ್ಣು ಮುಚ್ತಾಳೆ. ನಾನು ಅವಳ ಮುಖಾನೇ ನೋಡ್ತಾ ಇರ್ತೀನಿ. ಹುಬ್ಬು ಮೇಲೆ ಹೋದ್ರೆ ಹುಳಿ. ಮೂಗಿನ ಮೇಲೆ ಸುಕ್ಕು ಬಿದ್ರೆ ಕಹಿ. ಗಲ್ಲ ಒಳಗೆ ಎಳ್ಕೊಂಡ್ರೆ ಉಪ್ಪು ಹೆಚ್ಚು. ಏನೂ ಆಗದೆ ಮುಖ ಹಾಗೇ ಇದ್ರೆ ಸಪ್ಪೆ. ಆಮೇಲೆ ಒಂದು ಚಿಟಿಕೆ ಹಾಕ್ತೀನಿ, ಮತ್ತೆ ನೋಡ್ತಾಳೆ, ಇನ್ನೊಂದು ಹಾಕ್ತೀನಿ… ಆಗ ಬರುತ್ತೆ ನೋಡು, ಆ ಬೊಚ್ಚು ಬಾಯಿಯ ನಗು. ಅದು ಬಂತು ಅಂದ್ರೆ ಸೂಪು ಸರಿಹೋಯ್ತು ಅಂತಾನೇ. ಆ ನಗು ನೋಡಿದಾಗ ನನ್ನ ಬಾಯಲ್ಲೂ ಏನೋ ಒಂಥರಾ… ಹೂಂ. ನೀರೂರುತ್ತೆ ಅಂತ ಹೇಳೋಕೆ ಹೊರಟೆ. ಏನಂತ ನೋಡ್ತಿದ್ದೀಯ?

ಮೆಷಿನ್ ಯಾಕೆ ನಿಲ್ಲಿಸ್ದೆ?

ಸರಿ, ಗೊತ್ತು. ಶಾಲೆ ವಿಷಯ. ಅದಕ್ಕೇ ಬರ್ತಿದ್ದೆ. ಹಾರಿಸಿಬಿಡೋಣ ಅಂತ ಇರಲಿಲ್ಲ… ಇತ್ತು, ಸ್ವಲ್ಪ ಇತ್ತು. ಶಾಲೆಯಲ್ಲಿ ಒಂದೊಂದು ಮಗು ಒಂದೊಂದು ದೇಶದ ಬಗ್ಗೆ ಮಾತಾಡಬೇಕಿತ್ತು. ಎಲ್ಲರೂ ಯಾವ್ಯಾವುದೋ ದೊಡ್ಡ ದೊಡ್ಡ ದೇಶ ತಗೊಂಡ್ರು, ಗುಬ್ಬಚ್ಚಿ ಜೆಲ್ಮೋರಿಯಾ ತಗೊಂಡ್ಳು. ಎಷ್ಟು ಚೆನ್ನಾಗಿ ಹೇಳಿದಳಂತೆ! ಉತ್ತರದವರಿಗೆ ಹುಳಿ ಇಷ್ಟ, ದಕ್ಷಿಣದವರಿಗೆ ಸಪ್ಪೆ ಇಷ್ಟ, ತಾನೇ ಅಲ್ಲಿಯ ಮಂತ್ರಿ ಅಂತೆಲ್ಲ. ಟೀಚರ್ ಅವಳ ಕೈಗೆ ಕೋಲು ಕೊಟ್ಟು, "ಭೂಪಟದಲ್ಲಿ ತೋರಿಸಮ್ಮ" ಅಂದ್ರಂತೆ. ತೋರಿಸೋಕೆ ಹೋದಳು. ಹುಡುಕಿದಳು. ಮಕ್ಕಳೆಲ್ಲ ನಗೋಕೆ ಶುರು ಮಾಡಿದ್ರು. ಇವಳು ತಿರುಗಿ ನೋಡದೆ ಹುಡುಕ್ತಾನೇ ಇದ್ದಳಂತೆ. ಸಣ್ಣ ಸಣ್ಣ ದ್ವೀಪಗಳನ್ನೂ ಬಿಡದೆ… ಸಿಕ್ಕೇ ಸಿಗುತ್ತೆ ಅಂತ. "ನಮ್ಮ ಅಡುಗೆ ಮಾಮ ಹೋಗಿ ಬಂದಿದ್ದಾರೆ ಮಿಸ್" ಅಂದಳಂತೆ.

ಸುಮ್ನೆ ಹಾಗೆ ನೋಡಬೇಡ ಅಕ್ಕ. ನಾನು ಕಲ್ಲಲ್ಲ. ಮೇಡಂ ಅದನ್ನ ಹೇಳುವಾಗ ಗೋಡೆ ಆಚೆ ನನ್ನ ಕೈಲಿದ್ದ ಪಾತ್ರೆ… ತೊಳೆದಿದ್ದನ್ನೇ ಮತ್ತೆ ಮತ್ತೆ ತೊಳೀತಿದ್ದೆ. ನನ್ನ ತಮಾಷೆಗೆ ದೊಡ್ಡವರು ಬೀಳಲಿ, ನನಗದು ಹಬ್ಬ. ಆ ಮಗು ಬೀಳಬಾರದಿತ್ತು. ಶಾಲೆ ತೆರೆದ ದಿನವೇ ಅಲ್ಲಿಗೆ ಹೋಗ್ತೀನಿ. ಮಕ್ಕಳ ಮುಂದೆ ನಿಂತು, "ಸುಳ್ಳು ಹೇಳಿದ್ದು ನಾನು, ಇವಳಲ್ಲ, ಈಗ ನನ್ನ ನೋಡಿ ನಗಿ" ಅಂತೀನಿ. ಮೂತಿಗೆ ಹಿಟ್ಟು ಬಳ್ಕೊಂಡೇ ಹೋಗ್ತೀನಿ, ನಗೋಕೆ ಅನುಕೂಲ ಆಗಲಿ ಅಂತ. ಸಾಲದಾ?

ಎಲ್ಲಿಗೆ ಎದ್ದೆ? ಮಾತಿನ ಮಧ್ಯೆ ಎದ್ದು ಹೋಗೋ ಜಡ್ಜನ್ನ ನಾನು ನೋಡೇ ಇಲ್ಲ! …ಕೇಳಿಸ್ತಿದೆಯಾ ಒಳಗೆ? ಜೋರಾಗಿ ಹೇಳ್ತೀನಿ! ನಾಳೆಯಿಂದ ನಿಜವಾದ ದೇಶಗಳೇ! ಜೆಲ್ಮೋರಿಯಾ ಬಂದ್! ಪೋರ್ಚುಗಲ್ ಮಾಡ್ತೀನಿ! ಹಲ್ಲಿನ ಡಾಕ್ಟ್ರು ಹೋಗಿ ಬಂದಿದ್ರೂ ಸರಿ, ಅವರ ವಂಶವೇ ಹೋಗಿ ಬಂದಿದ್ರೂ ಸರಿ! …ಆದ್ರೆ ಮಂತ್ರಿಗಳು ಇರಲಿ ಅಕ್ಕ! ದೇಶ ಬೇಕಾದ್ರೆ ಕಿತ್ಕೋ, ಮಂತ್ರಿಗಳನ್ನ ತೆಗೀಬೇಡ! ಮೇಡಂ ಹತ್ರ ಅದೊಂದು ಮಾತು ಹೇಳು! …ಯಾಕೆ ಅಂದ್ರೆ… ಮಕ್ಕಳಿಗೆ ಉತ್ಸಾಹ, ಅಷ್ಟೇ! ಕ್ಲಾಸು ಅಂದ ಮೇಲೆ ಮಕ್ಕಳಿಗೂ ಒಂದು ಕೆಲಸ ಇರ್ಬೇಕಲ್ಲ!

ಓಹೋ, ಕಾಫಿ! ಬಾ ಬಾ. ಗಲ್ಲಿಗೇರಿಸೋ ಮುಂಚೆ ಕೊನೇ ಆಸೆ ಕೇಳ್ತಾರಲ್ಲ, ಹಾಗಾ? ಕೊಡು ಇಲ್ಲಿ. ಹಾ… ಸುಖ! ಬಂದರಿನಲ್ಲಿ ಎಷ್ಟು ದೇಶದವರ ಕಾಫಿ ಕುಡಿದಿದ್ದೀನಿ, ನಿನ್ನ ಕೈ ಕಾಫಿ ಮುಂದೆ ಎಲ್ಲ ಪಾತ್ರೆ ತೊಳೆದ ನೀರು. ಸೂಜಿ ಎಲ್ಲ ತೆಗೆದಿಟ್ಟಿದ್ದೀಯಾ? ಒಳ್ಳೇದಾಯ್ತು. ಈಗ ಬಾಯಿ ಬಿಟ್ಟು ಬೈಯಿ.

ಬೈಯಲ್ವಾ? ಹಾಗಾದ್ರೆ ನಾನೇ ಹೇಳ್ತೀನಿ. ನೋಡು ಅಕ್ಕ, ಕ್ಲಾಸು ಮುಚ್ಚಿದ್ರೆ ನಾನೇನು ಹಸ್ಕೊಂಡು ಸಾಯಲ್ಲ. ನಿನ್ನ ಮನೇಲಿ ಒಂದು ತಟ್ಟೆ ಯಾವತ್ತೂ ಇದೆ, ಗೊತ್ತು. ಆದ್ರೆ… ಬೆಳಿಗ್ಗೆ ಆ ಮಕ್ಕಳು ಬಾಗಿಲು ದೂಡ್ಕೊಂಡು ಬಂದು, ಕೈ ತೊಳೆಯೋ ಮುಂಚೆಯೇ "ಇವತ್ತು ಯಾವ ದೇಶ ಮಾಮ?" ಅಂತ ಕೇಳ್ತಾವಲ್ಲ, ಆಗ ನಾನು ಇನ್ನೂ ಅಡುಗೆಯವನು. ಅಷ್ಟೇ ನನಗೆ ಬೇಕಾಗಿರೋದು. ಆ ರೂಮಿನಿಂದ ಹೊರಗೆ ಬಂದ್ರೆ ನಾನು ಸ್ಟೂಲ್ ಮೇಲೆ ಕೂತು ಬುರುಡೆ ಬಿಡೋ ಮುದುಕ. ಮುದುಕ ಅಲ್ಲ, ಇನ್ನೂ ಅಲ್ಲ… ಆದ್ರೆ ಆ ದಾರೀಲೇ.

ನೀನ್ಯಾಕೆ ಕುಡೀತಿಲ್ಲ? ನಿಂದು ಹಾಗೇ ಇದೆ, ಕೆನೆ ಕಟ್ತಾ ಇದೆ ನೋಡು. ನಂದು ಮುಗೀತು. ತಳದವರೆಗೂ! ಡಿಕಾಕ್ಷನ್ ಗಟ್ಟಿ, ಸಕ್ಕರೆ ಹದವಾಗಿ… ಹಾಲು ಇವತ್ತು ಬೇರೆ ಕಡೆಯಿಂದ ತರಿಸಿದ್ಯಾ? ಏನೋ ಒಂದು ಸೊಗಸಿದೆ.

ಏನು, ಲೋಟದೊಳಗೆ ಇಣುಕ್ತೀಯ? ಖಾಲಿ ಅಂತ ಹೇಳಿದ್ನಲ್ಲ. ತಳದಲ್ಲಿ ಸ್ವಲ್ಪ ಏನೋ ಕರಗದೇ ಉಳಿದಿದೆ… ಸಕ್ಕರೆ. ನೀನು ಸರಿಯಾಗಿ ಕಲಕಿಲ್ಲ.

ಅಕ್ಕ?

ಯಾಕೆ, ಕಣ್ಣಲ್ಲಿ ಏನು ಬಿತ್ತು? ನಾನೇನಂದೆ ಅಂತ ಈಗ? ಕಾಫಿ ಚೆನ್ನಾಗಿದೆ ಅಂದೆ. ಸಕ್ಕರೆ ಹದವಾಗಿದೆ ಅಂದೆ. ಅದಕ್ಕೆ ಯಾರಾದ್ರೂ ಅಳ್ತಾರಾ?

…ಹದವಾಗಿ ಇರಲಿಲ್ವಾ?

ಜಾಸ್ತಿ ಆಗಿತ್ತಾ? ಹೌದು, ಸ್ವಲ್ಪ ಜಾಸ್ತೀನೇ ಅನ್ನಿಸ್ತು, ನಿನಗೆ ಬೇಜಾರಾಗುತ್ತೆ ಅಂತ… ಅಲ್ವಾ? ಕಮ್ಮಿ ಇತ್ತಾ? ಹಾಕೇ ಇರಲಿಲ್ವಾ? ಏನಾದ್ರೂ ಹೇಳು. ಬಾಯಲ್ಲಿ ಸೂಜಿ ಇಲ್ಲವಲ್ಲ ಈಗ.

ತಳದಲ್ಲಿರೋದು… ಉಪ್ಪಾ?

ಭೇಷ್! ಭೇಷ್ ಅಕ್ಕ, ನನಗೇ ಟೋಪಿ ಹಾಕಿದ್ಯಲ್ಲ! ಗೊತ್ತಿತ್ತು ನನಗೆ. ಮೊದಲನೇ ಗುಟುಕಿಗೇ ಗೊತ್ತಾಯ್ತು. ನೀನೆಷ್ಟು ಹೊತ್ತು ಮುಖ ಬಿಗಿ ಹಿಡ್ಕೊಂಡಿರ್ತೀಯ ನೋಡೋಣ ಅಂತ ಬೇಕಂತಲೇ ಕುಡಿದೆ, ತಮಾಷೆ ಮಾಡೋನಿಗೇ ತಮಾಷೆ ಮಾಡೋಕೆ ಬಂದ್ರೆ…

ನಂಬ್ತಿಲ್ಲ.

ಸರಿ.

ಇಟಲಿ ವಾರಕ್ಕೆ ಮುಂಚೆ ಆ ಜ್ವರ ಬಂದಿತ್ತಲ್ಲ, ನೀನು ಪಕ್ಕದಲ್ಲೇ ಕೂತು ಗಂಜಿ ಕುಡಿಸ್ತಿದ್ದೆ… ಆವಾಗಿಂದ. ವಾಪಸ್ ಬರುತ್ತೆ ಅಂತ ಕಾಯ್ತಾ ಇದ್ದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡೀತೀನಿ.

ಮೇಡಂಗೆ ಏನು ಹೇಳ್ತೀಯೋ ಹೇಳು. ಗುಬ್ಬಚ್ಚಿಗೆ ಮಾತ್ರ ನಾನೇ ಹೇಳ್ತೀನಿ… ಯಾಕೆ ಹಾಗೆ ನೋಡ್ತೀಯ? ಪೂರ್ತಿ ಸುಳ್ಳು ಹೇಳಿಲ್ಲ ನಾನು ನಿನಗೆ. ಕಾಫಿ ಸುಖವಾಗಿತ್ತು ಅಂದೆನಲ್ಲ, ಅದು ನಿಜ. ಬಿಸಿಯಾಗಿತ್ತು ಅಕ್ಕ. ಅದು ಗೊತ್ತಾಯ್ತು. ಚೆನ್ನಾಗಿ ಬಿಸಿಯಾಗಿತ್ತು.